ಹನ್ನೊಂದು ಸೈಲೆನ್ಸರು

ಗಾಡಿ ಬಿಚ್ಚುವ ಮೊದಲು ಅಶ್ಫಾಕ ಕಿಲ್ಲೇದಾರ ಗಿರಾಕಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದ: "ಏನ ಮುಟ್ಟಬಾರದು, ಹೇಳ್ರಿ."

ಏನು ಮಾಡಬೇಕೆಂದು ಕೇಳುವ ಮೆಕ್ಯಾನಿಕರಿಗೆ ಬೆಳಗಾವಿಯ ಆಟೋ ನಗರದಲ್ಲಿ ಬರವಿಲ್ಲ. ಕಣ್ಣು ಮುಚ್ಚಿ ಕಲ್ಲು ಒಗೆದರೆ ಅಂಥವನೊಬ್ಬನ ತಲೆಗೇ ಬಡಿಯುತ್ತದೆ. ಅಶ್ಫಾಕನದು ಉಲ್ಟಾ ಲೆಕ್ಕ. ಹಳೆಯ ಮೋಟಾರ್ ಸೈಕಲ್ಲನ್ನು ಕತ್ತರಿಸಿ, ಬೆಸೆದು, ಉದ್ದ ಮಾಡಿ, ಗಿಡ್ಡ ಮಾಡಿ, ಹೊಚ್ಚ ಹೊಸ ಅವತಾರದಲ್ಲಿ ನಿಲ್ಲಿಸುವುದು ಅವನ ಕಸುಬು. ಆದರೆ ಅವತಾರ ಬದಲಾದರೂ ದೇವರು ಅದೇ ಇರಬೇಕಲ್ಲ? ಅದಕ್ಕೆ ಗಿರಾಕಿ ತೋರಿಸಿದ ಆ ಒಂದು ಭಾಗದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಆಮೇಲೆ ಅದಕ್ಕೆ ನಟ್ಟು ಬಿಚ್ಚುವ ಪಾನೆಯೂ ತಾಗುವ ಹಾಗಿರಲಿಲ್ಲ.

ಗಿರಾಕಿಗಳ ಉತ್ತರಗಳೂ ತಮಾಷೆಯಾಗಿರುತ್ತಿದ್ದವು. ಕ್ಯಾಂಪಿನ ನಿವೃತ್ತ ಸುಬೇದಾರರೊಬ್ಬರು ಹಾರ್ನ್ ಮುಟ್ಟಬೇಡ ಎಂದಿದ್ದರು. ಎರಡು ಗಡಿ ಕಾದು ಬಂದವರ ಗಾಡಿ, ಅದು ಕೂಗಿದರೆ ಮೇಕೆಮರಿ ಕೂಗಿದ ಹಾಗಿತ್ತು. ಕುಂದಾ ಮಾರುವ ಈರಯ್ಯ ಮಾತ್ರ ತನ್ನ ಗಾಡಿಯಲ್ಲಿ ಮುಟ್ಟಬಾರದ್ದು ಏನೂ ಇಲ್ಲ, ಎಲ್ಲ ಬದಲಿಸು ಎಂದ. ಅಶ್ಫಾಕ ಅವನನ್ನು ಎಂಟು ದಿನ ವಿಚಾರ ಮಾಡಿ ಬಾ ಎಂದು ವಾಪಸು ಕಳಿಸಿದ. ಎಂಟನೆಯ ದಿನ ಈರಯ್ಯ ಬಂದು, ಹಿಂದಿನ ಸೀಟಿನ ಹಿಡಿಕೆ ಇರಲಿ, ಅದನ್ನು ಹಿಡಿದುಕೊಂಡೇ ನಮ್ಮಕ್ಕ ದವಾಖಾನೆಗೆ ಹೋದಳು ಎಂದು ತಲೆ ತಗ್ಗಿಸಿದ.

ಮನೆತನದ ಹೆಸರು ಕಿಲ್ಲೇದಾರ. ಕಿಲ್ಲೆ ಎಲ್ಲಿದೆಯೋ ಅಲ್ಲಾನೇ ಬಲ್ಲ, ಇವನ ತಾಬೆಯಲ್ಲಿದ್ದದ್ದು ಪತ್ರಾಸಿನ ಒಂದು ಶೆಡ್ಡು. ಖಾಸಬಾಗದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಹೆಂಡತಿ ಶೈಸ್ತಾ. ಈ ಪ್ರಶ್ನೆ ಕೇಳುವ ಪದ್ಧತಿ ಅವನದೂ ಅಲ್ಲ, ಖಾನಾಪುರದ ಉಳವಪ್ಪ ಮೇಸ್ತ್ರಿಯವರದು. ಇಪ್ಪತ್ತರ ವಯಸ್ಸಿನಲ್ಲಿ ಡಿಪ್ಲೊಮಾ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು ಅವರ ಗ್ಯಾರೇಜಿಗೆ ಹೋದವನು ಆರು ವರ್ಷ ಅಲ್ಲಿದ್ದ. ಮಧ್ಯಾಹ್ನದ ರೊಟ್ಟಿ ಮೇಸ್ತ್ರಿಯವರ ಮನೆಯಲ್ಲೇ. ಮೇಸ್ತ್ರಿಯವರ ಹೆಂಡತಿ ಗೌರವ್ವನನ್ನು ಅವನು ಚಿಕ್ಕಮ್ಮನ ವರಸೆ ಹಿಡಿದು ಕಾಕು ಎನ್ನುತ್ತಿದ್ದ. ಆಕೆ ಅವನನ್ನು ಫೇಲಾದವನೇ ಎಂದು ಕರೆಯುತ್ತಿದ್ದಳು, ಅದೂ ಎರಡನೆಯ ರೊಟ್ಟಿ ಬಡಿಸುವಾಗ ಮಾತ್ರ.

ಮೇಸ್ತ್ರಿಯವರ ಬಳಿ ಒಂದು ಯೆಜ್ಡಿ ಇತ್ತು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡಿ ತಮ್ಮದನ್ನು ಹಾಗೇ ಬಿಟ್ಟ ಮನುಷ್ಯ ಅವರು. ಎಡಗಡೆಯ ಸೈಲೆನ್ಸರು ಒಂದು ಸಲ ದೇಸೂರಿನ ಹತ್ತಿರ ಸೀಳಿತ್ತು. ಅಲ್ಲೇ ಯಾರದೋ ಹೊಲದ ದಂಡೆಯಲ್ಲಿ ಸಿಕ್ಕ ಎಣ್ಣೆ ಡಬ್ಬಿಯ ತಗಡಿನ ಪತ್ರಾ ಸುತ್ತಿ, ತಂತಿ ಬಿಗಿದು ಮನೆಗೆ ಬಂದಿದ್ದರು. ಮುಂದೆ ಅದಕ್ಕೇ ಬೆಸುಗೆ ಹಾಕಿ, ಮತ್ತೆ ಸೀಳಿ, ಮತ್ತೆ ಬೆಸೆದು ಮೂವತ್ತು ವರ್ಷ ಓಡಿಸಿದರು. ಸೈಲೆನ್ಸರು ಎಂದು ಹೆಸರಿದ್ದರೂ ಮೌನಕ್ಕೂ ಅದಕ್ಕೂ ಹುಟ್ಟಾ ವೈರ. ಮೇಸ್ತ್ರಿಯವರು ಮಲಪ್ರಭೆಯ ಸೇತುವೆ ದಾಟಿದರೆ ಮನೆಗೆ ಕೇಳುತ್ತಿತ್ತು. ಕೊರೋನಾದ ಎರಡನೆಯ ಅಲೆಯಲ್ಲಿ ಅವರು ಲಿಂಗೈಕ್ಯರಾದರು. ಸೊಸೈಟಿಯಲ್ಲಿ ಕಾರಕೂನನಾದ ಮಗ ಶಶಿಧರ, ಇಂಜಿನ್ ಹಿಡಿದುಕೊಳ್ಳಬಾರದೆಂದು ಸೋಮವಾರಕ್ಕೊಮ್ಮೆ ಅಂಗಳದಲ್ಲಿ ಹತ್ತು ನಿಮಿಷ ಅದನ್ನು ಚಾಲೂ ಇಡುತ್ತಿದ್ದ.

ಇಷ್ಟರಲ್ಲಿ ಅಶ್ಫಾಕನಿಗೆ ಟಿವಿ ಬಂತು. ಮನೆಗಲ್ಲ, ಶೆಡ್ಡಿಗೆ.

ಕಾರ್ಯಕ್ರಮದ ಹೆಸರು "ಹಳೇ ಗಾಡಿ, ಹೊಸ ಮೋಡಿ". ರಾಜ್ಯದ ಎಂಟು ಮಂದಿ ಬೈಕ್ ಕಟ್ಟುವವರು, ವಾರಕ್ಕೊಂದು ಗಾಡಿ, ವಾರಕ್ಕೊಬ್ಬ ಮನೆಗೆ. ಅಶ್ಫಾಕನ ಕೈಕೆಲಸಕ್ಕಿಂತ ಮೊದಲು ಗೆದ್ದದ್ದು ಅವನ ನಾಲಿಗೆ. ಬಣ್ಣ ಸಪ್ಪಗಾಯಿತು ಎಂದು ತೀರ್ಪುಗಾರರೊಬ್ಬರು ಮೂಗು ಮುರಿದಾಗ, "ಇದು ಮೆರವಣಿಗಿ ಗಾಡಿ ಅಲ್ರಿ ಸರ, ಬಾಳೇವು ಮಾಡೋ ಗಾಡಿ" ಎಂದ. ಮರುದಿನ ಆ ಮಾತು ಆಟೋಗಳ ಹಿಂದೆ ಬರೆಯಿಸಿಕೊಂಡಿತು. ಖಾಸಬಾಗದ ಗಲ್ಲಿಯಲ್ಲಿ ಅವನ ಫ್ಲೆಕ್ಸು ಎದ್ದಿತು. ಹಲ್ಲು ಎಷ್ಟು ಬೆಳ್ಳಗೆ ಬಂದಿದ್ದವೆಂದರೆ, ಇವು ಯಾರವು ಎಂದು ಶೈಸ್ತಾ ಕೇಳಿದಳಂತೆ.

ಕೊನೆಯ ಸುತ್ತಿಗೆ ಒಂದು ನಿಯಮವಿತ್ತು. ತಮಗೆ ಬೇಕಾದವರ ಮನೆಯ ಹಳೆಯ ಗಾಡಿಯನ್ನು ತಂದು, ಆ ಮನೆಯವರಿಗೆ ಸುಳಿವು ಕೊಡದೆ ಹೊಸದು ಮಾಡಿ, ಕ್ಯಾಮೆರಾ ಮುಂದೆ ಒಪ್ಪಿಸಬೇಕು. ಅಶ್ಫಾಕ ಉಳವಪ್ಪನವರ ಯೆಜ್ಡಿ ಎಂದ. ಶಶಿಧರ ಖುಷಿಯಿಂದ ಕೊಟ್ಟ, ಅವ್ವನಿಗೆ ಸರ್ವಿಸಿಂಗಿಗೆ ಹೋಗಿದೆ ಎಂದು ಸುಳ್ಳು ಹೇಳಿದ. ಕಾರ್ಯಕ್ರಮದ ಕಡೆಯಿಂದ ಆಕಾಶ ಎಂಬ ಬೆಂಗಳೂರಿನ ತರುಣ ಬಂದಿದ್ದ. ಏನು ಮುಟ್ಟಬಾರದೆಂದು ಕಾಕುವನ್ನು ಕೇಳಿ ಬರುತ್ತೇನೆ ಎಂದು ಅಶ್ಫಾಕ ಅವನಿಗೆ ಹೇಳಿದ.

"ಕೇಳಿಬಿಟ್ರೆ ಸರ್ಪ್ರೈಸ್ ಎಲ್ಲಿ ಉಳಿಯುತ್ತೆ ಸರ್?" ಎಂದ ಆಕಾಶ.

"ಕೇಳದಿದ್ರ ಗಾಡಿ ಎಲ್ಲಿ ಉಳೀತೈತ್ರಿ?"

ಹೇಳುವುದನ್ನು ಹೇಳಿದ. ಆದರೆ ಖಾನಾಪುರಕ್ಕೆ ಹೋಗಲಿಲ್ಲ. ಅವನಿಗೆ ಟ್ರೋಫಿಯ ಆಸೆ ಇದ್ದೇ ಇತ್ತು, ಇಲ್ಲವೆಂದು ಅವನೂ ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ಆಸೆ, ಉಸ್ತಾದ ಉಳವಪ್ಪನವರ ಹೆಸರು ಇಡೀ ಕರ್ನಾಟಕಕ್ಕೆ ಕೇಳಬೇಕೆನ್ನುವುದು. ಇನ್ನು ಪ್ರಶ್ನೆಯ ಮಾತು. ಗಾಡಿ ಉಸ್ತಾದರದು, ಉಸ್ತಾದರ ಮನಸ್ಸು ನನಗಿಂತ ಯಾರಿಗೆ ಗೊತ್ತು ಎಂದುಕೊಂಡ. ಮನಸ್ಸಿನಲ್ಲೇ ಅವರನ್ನು ಕೇಳಿದ. ಅವರು ಇವನಿಗೆ ಬೇಕಾದ ಉತ್ತರವನ್ನೇ ಕೊಟ್ಟರು. ಸತ್ತವರಷ್ಟು ಸೌಜನ್ಯದ ಗಿರಾಕಿ ಯಾವ ಕಸುಬಿನಲ್ಲೂ ಸಿಗುವುದಿಲ್ಲ. ಅವರ ಅಂಗೈ ಸವೆಸಿದ ಹ್ಯಾಂಡಲಿನ ಹಿಡಿಗಳಿಗೆ, ಅವರ ಪಾನೆಗಳಿದ್ದ ಪೆಟ್ಟಿಗೆಗೆ ಸೀಮೆಸುಣ್ಣ ಎಳೆದ. ಉಳಿದದ್ದೆಲ್ಲ ಬದಲಾಯಿತು. ತುಕ್ಕು ಹಿಡಿದ ಸೈಲೆನ್ಸರುಗಳನ್ನು ಭಂಗಾರದವನು ಒಯ್ದ. ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ಬಂಗಾರಕ್ಕೂ ಭಂಗಾರಕ್ಕೂ ಇರುವ ಅಂತರ ಒಂದು ಮಹಾಪ್ರಾಣದ್ದು.

ಖಾನಾಪುರದ ಮೈದಾನದಲ್ಲಿ ಪರದೆ ಸರಿಸಿದಾಗ ಗೌರವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಿಂತಿದ್ದಳು. ಕರಿ ಬಣ್ಣದ ಮೇಲೆ ಬೆಳ್ಳಿ ಗೆರೆಯ ಗಾಡಿಯನ್ನು ನೋಡಿ ನಕ್ಕಳು. ಪೆಟ್ರೋಲ್ ಟಾಕಿ ಸವರಿ, "ಛಲೋ ಆಗೇತಪಾ" ಎಂದಳು. ಶಶಿಧರ ಕಿಕ್ ಹೊಡೆದ. ಹೊಸ ಸ್ಟೀಲಿನ ಸೈಲೆನ್ಸರುಗಳಿಂದ ದಪ್ಪನೆಯ, ನುಣುಪಾದ ಸದ್ದು ಬಂತು. ಆಕೆ ಇನ್ನೇನೋ ಬರಲಿದೆ ಎಂಬಂತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೆರಗನ್ನು ಬಾಯಿಗೊತ್ತಿ ಅತ್ತಳು.

ಆ ಅಳುವನ್ನು ಟಿವಿಯವರು ನಿಧಾನ ಮಾಡಿ, ಪಿಟೀಲು ಸುರಿದು, ಮೂರು ಕೋನಗಳಿಂದ ತೋರಿಸಿದರು. ಆನಂದಬಾಷ್ಪ ಎಂದು ಕೆಳಗೆ ಅಕ್ಷರ ಓಡಿತು. ಮನೆಮನೆಯಲ್ಲಿ ಜನ ಕಣ್ಣೊರೆಸಿಕೊಂಡರು, ಅವನ ಹಳೆಯ ಗಿರಾಕಿಯಾದ ನಾನೂ ಒರೆಸಿಕೊಂಡೆ. ಅಶ್ಫಾಕ ಗೆದ್ದ.

ಮೂರು ವಾರ ಬಿಟ್ಟು, ಟ್ರೋಫಿಯನ್ನು ಉಸ್ತಾದರ ಫೋಟೋದ ಮುಂದೆ ಇಟ್ಟು ಬರಲು ಅವನು ಖಾನಾಪುರಕ್ಕೆ ಹೋದ. ಗೌರವ್ವ ಚಹಾ ಕೊಟ್ಟಳು, ಶೈಸ್ತಾಳ ಸುದ್ದಿ ಕೇಳಿದಳು. ಆಮೇಲೆ ಹಳೇ ಸೈಲೆನ್ಸರು ಎಲ್ಲಿದೆ ಎಂದು ಕೇಳಿದಳು. ಪೂರಾ ತುಕ್ಕು ಹಿಡಿದಿತ್ತು ಕಾಕು, ಭಂಗಾರದವನಿಗೆ ಕೊಟ್ಟೆವು ಎಂದು ಇವನು ನಗುತ್ತ ಹೇಳಿದ.

"ಹೌದಾ. ಬಿಡು" ಎಂದಳು ಆಕೆ. ಲೋಟ ತೆಗೆದುಕೊಂಡು ಒಳಗೆ ಹೋದಳು.

ಗೇಟಿನ ತನಕ ಬಂದ ಸೊಸೆ ತ್ರಿವೇಣಿ ವಿಷಯ ಬಿಚ್ಚಿದಳು. ಪ್ರತಿ ಸೋಮವಾರ ಗಾಡಿ ಚಾಲೂ ಆದ ಕೂಡಲೇ ಅತ್ತಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಒಳಗೆ ನಿಲ್ಲುತ್ತಿದ್ದಳಂತೆ. ಆ ಹತ್ತು ನಿಮಿಷ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಯಾಕೆಂದು ಅವಳೂ ಕೇಳಲಿಲ್ಲ, ಅತ್ತಿಯೂ ಹೇಳಲಿಲ್ಲ.

"ಈಗ ಸೋಮಾರ ಬಂತಂದ್ರ ಬಾಜು ಮನಿಗಿ ಹೋಗಿ ಕುಂದರ್ತಾರ್ರಿ ಅಣ್ಣಾ" ಎಂದಳು.

ಅಶ್ಫಾಕನಿಗೆ ತಿಳಿಯಿತು. ಗಾಡಿಗೆ ಏರುವವನು ಒಬ್ಬನೇ ಒಡೆಯ ಎಂದು ಅವನು ಎಣಿಸಿದ್ದ. ಮೂವತ್ತು ವರ್ಷ ಒಲೆಯ ಮುಂದೆ ಕೂತು ಆ ಗಾಡಿಯ ಹಾದಿ ಕೇಳಿದವಳು ಇನ್ನೊಬ್ಬಳಿದ್ದಳು. ಮೇಸ್ತ್ರಿಯವರ ಮೈ ಹೋಗಿತ್ತು, ಅವರು ಬರುವ ಸದ್ದು ಮಾತ್ರ ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿತ್ತು. ಅದನ್ನು ಇವನು ತೂಕಕ್ಕೆ ಹಾಕಿದ್ದ.

ಅಂದು ಸಂಜೆಯೇ ಭಂಗಾರದ ಮಹಮ್ಮದನ ಅಂಗಡಿಗೆ ಓಡಿದ. ಮಹಮ್ಮದ ರಾಶಿಯನ್ನು ತೋರಿಸದೆ ಮುಗಿಲನ್ನು ತೋರಿಸಿದ. ಮಾಲು ಫೌಂಡ್ರಿಗೆ ಹೋಗಿ ಇಪ್ಪತ್ತು ದಿನವಾಗಿತ್ತು. ಕರಗಿ, ಅಚ್ಚಿಗೆ ಬಿದ್ದು, ಯಾರದೋ ಬಾವಿಯ ಪಂಪಾಗಿ ನೀರೆತ್ತುತ್ತಿರಬೇಕು. ಬೆಂಗಳೂರಿಗೆ ಫೋನು ಹಚ್ಚಿ, ಮೊದಲ ದಿನ ಹಳೆಯ ಗಾಡಿಯನ್ನು ಚಾಲೂ ಮಾಡಿದ್ದೆವಲ್ಲ, ಆ ಸದ್ದು ಕೊಡಿ ಎಂದ. ಆಕಾಶ ಒಳ್ಳೆಯ ಹುಡುಗ, ಎರಡು ದಿನ ಹುಡುಕಿ ಕಳಿಸಿದ. ಅದರಲ್ಲಿ ಗಾಡಿ ಇತ್ತು, ಹೊಗೆ ಇತ್ತು. ಮೈಕು ಮಾತ್ರ ಅಶ್ಫಾಕನ ಅಂಗಿಗಿತ್ತು. ಉಸ್ತಾದರ ಬಗ್ಗೆ ಅವನು ಆಡಿದ ದೊಡ್ಡ ಭಾಷಣದ ಅಡಿಯಲ್ಲಿ ಉಸ್ತಾದರ ಗಾಡಿ ಎಲ್ಲೋ ಗುರುಗುಟ್ಟುತ್ತಿತ್ತು.

"ಜೀವನದಾಗ ಮೊದಲನೇ ಸಲ ನನ್ನ ಬಾಯಿ ನನಗ ಸಾಕಾತ್ರಿ" ಎಂದು ಅವನು ನನ್ನ ಮುಂದೆ ಹೇಳಿಕೊಂಡ.

ನಾನು ಓದಿದ ಕಾನ್ವೆಂಟಿನಲ್ಲಿ ತಪ್ಪು ಮಾಡಿದವರು ಒಂದೇ ವಾಕ್ಯವನ್ನು ನೂರು ಸಲ ಬರೆಯಬೇಕಿತ್ತು. ಅಶ್ಫಾಕ ಅದನ್ನು ಕಬ್ಬಿಣದಲ್ಲಿ ಬರೆಯತೊಡಗಿದ. ಹಳೆಯ ಯೆಜ್ಡಿ ಸೈಲೆನ್ಸರು ಹುಡುಕಿ ತಂದು, ಸೀಳಿ, ಎಣ್ಣೆ ಡಬ್ಬಿಯ ಪತ್ರಾ ಸುತ್ತಿ, ಉಸ್ತಾದರ ಕೈ ಹೇಗೆ ಓಡಿತ್ತೆಂದು ನೆನೆಸಿಕೊಂಡು ಬೆಸೆದ. ಆ ಶುಕ್ರವಾರ ನಮಾಜು ಮುಗಿಸಿ, ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದ. ಟಿಕೆಟ್ ತಪಾಸಣೆಯವರು ಟಿವಿಯ ಗುರುತು ಹಿಡಿದು, ಚೀಲದಲ್ಲಿ ಏನು ಅಶ್ಫಾಕ ಸರ ಎಂದರು. ಸಪ್ಪಳ ಐತ್ರಿ ಎಂದ. ಅವರು ಜೋಕೆಂದು ನಕ್ಕು ಸೆಲ್ಫಿ ತೆಗೆದುಕೊಂಡರು.

ಅಂಗಳದಲ್ಲಿ ಅದನ್ನು ಕೂರಿಸಿ ಕಿಕ್ ಹೊಡೆದ. ಗೌರವ್ವ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದಳು.

"ಇದು ಭಾಳ ಶಾಣ್ಯಾ ಐತಿ. ಅವರದಕ್ಕ ಸ್ವಲ್ಪ ಹುಚ್ಚ ಇತ್ತು" ಎಂದಳು.

ಎರಡನೆಯದು ತಂದ. "ಇದು ಕೆಮ್ಮತೈತಿ. ಅವರದು ಕೆಮ್ಮತಿದ್ದಿಲ್ಲೋ, ಗೊಣಗತಿತ್ತು."

ಮೂರನೆಯದು ಗೊಣಗಿತು, ಆದರೆ ಪರವೂರಿನವರಂತೆ ಗೊಣಗಿತು. ನಾಲ್ಕನೆಯದನ್ನು ಕೇಳಿ ಆಕೆ ಕಣ್ಣು ತೆರೆದಳು. ಹತ್ತಿರ ಬಂತು, ಇನ್ನೂ ಸೇತುವೆಯ ಆಚೆಗಿದೆ ಎಂದಳು. ಅಂದು ಅಶ್ಫಾಕ ಹಬ್ಬದ ದಿನದಂತೆ ಮನೆಗೆ ಬಂದ. ಗೌರವ್ವನೂ ಹುರುಪಿನಲ್ಲಿದ್ದಳು. ಮುಂದಿನ ಶುಕ್ರವಾರಕ್ಕೆಂದು ಶೇಂಗಾ ಹೋಳಿಗೆಗೆ ಹುರಿದಿಟ್ಟಿದ್ದಾಳೆ ಎಂದು ತ್ರಿವೇಣಿ ಹೇಳಿದಳು. ಐದನೆಯದು ಕೆಟ್ಟಿತು. ಆರನೆಯದಕ್ಕೆ ಆಕೆ ಕಣ್ಣು ತೆರೆಯದೆಯೇ, ಹಿಂದಿನದೇ ಛಲೋ ಇತ್ತು ಎಂದಳು. ಹಿಂದಿನದು ಯಾವುದು, ನಾಲ್ಕೋ ಐದೋ ಎಂದು ಇವನು ಕೇಳಿದ. ಆಕೆ ನಾಲ್ಕು ಎಂದಳು.

ಇತ್ತ ಆಟೋ ನಗರದ ಶೆಡ್ಡಿನಲ್ಲಿ ಬೇರೆ ಗಾಡಿಗಳು ಧೂಳು ತಿನ್ನುತ್ತಿದ್ದವು. ಎರಡನೆಯ ಸೀಸನ್ನಿಗೆ ತೀರ್ಪುಗಾರನಾಗಿ ಬಾ ಎಂದು ಕರೆ ಬಂತು, ಹೋಗಲಿಲ್ಲ. ಗಾಡಿ ಕೊಟ್ಟು ಮರೆತವರು ಬಂದು ಒದರಿ ಹೋದರು. ಶೈಸ್ತಾ ಮೊದಮೊದಲು ಸಿಟ್ಟಾದಳು. ಒಂದು ದಿನ ತಾನೇ ಅಡುಗೆಮನೆಯ ಎಣ್ಣೆ ಡಬ್ಬಿಯನ್ನು ಬಗ್ಗಿಸಿ ಖಾಲಿ ಮಾಡಿ, ಇದರ ಪತ್ರಾ ತೆಳ್ಳಗಿದೆ, ಇದನ್ನು ಸುತ್ತಿ ನೋಡು ಎಂದು ಕೊಟ್ಟಳು. ಒಂಬತ್ತನೆಯದು ಅದರಿಂದ ಆದದ್ದು. ಗೌರವ್ವ ಅದಕ್ಕೆ, "ಇದ್ದೀತಪಾ" ಎಂದಳು. ಇದ್ದೀತು ಎಂದರೆ ಹೌದೋ ಅಲ್ಲವೋ ತಿಳಿಯದೆ ಅವನು ಹತ್ತನೆಯದು ಮಾಡಿದ.

ಹನ್ನೊಂದನೆಯದು ಈ ವರ್ಷದ ಫೆಬ್ರವರಿಯಲ್ಲಿ. ಆ ದಿನ ತಾನು ಮಾಡಿದ್ದು ಸರಿ ಎಂದು ಅವನಿಗೆ ಖಾತ್ರಿ ಇತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಪತ್ರಾ ಸಣ್ಣಗೆ ನಡುಗಿ, ಸುಣ್ಣದ ಡಬ್ಬಿಯೊಳಗೆ ಅಡಿಕೆ ಆಡಿಸಿದಂತಾಗುತ್ತಿತ್ತು. ಉಸ್ತಾದರ ಬೆನ್ನ ಹಿಂದೆ ಕೂತು ಆರು ವರ್ಷ ಕೇಳಿದ ಸದ್ದು. ಕಿಕ್ ಹೊಡೆದು ಆಕೆಯ ಮುಖ ನೋಡಿದ.

ಆಕೆ ಇನ್ನೊಮ್ಮೆ ಎಂದಳು. ಹೊಡೆದ. ನಾಲ್ಕನೆಯದನ್ನು ಹಚ್ಚು ಎಂದಳು. ಅಲ್ಲೇ ಕೊಟ್ಟಿಗೆಯಲ್ಲಿಟ್ಟಿದ್ದ ನಾಲ್ಕನೆಯದನ್ನು ತಂದು ಬಿಗಿದ. ಏಳನೆಯದನ್ನು ಕೇಳಿದಳು, ಅದನ್ನೂ ಬಿಗಿದ. ಮತ್ತೆ ಹನ್ನೊಂದನೆಯದು ಎಂದಳು. ಬಿಸಿ ಕೊಳವೆ ಹಿಡಿದು ಅವನ ಬೆರಳು ಸುಟ್ಟವು.

"ಬಂದ್ ಮಾಡು. ಬಾ, ಕುಂದ್ರ ಇಲ್ಲಿ" ಎಂದಳು ಗೌರವ್ವ.

ಅವನು ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತ.

"ಇನ್ನ ತರಬ್ಯಾಡ ಅಶ್ಫಾಕ."

"ತಪ್ಪಾತೇನ್ರಿ ಕಾಕು?"

"ತಪ್ಪ ಐತೋ ಖರೇ ಐತೋ ನನಗ ತಿಳೀವಲ್ದು. ಮೊದಲ ಕಿವ್ಯಾಗ ಅವರದಿತ್ತು. ನೀ ತಂದದ್ದನ್ನ ಅದರ ಬಾಜು ಇಟ್ಟು, ಇದು ಹಿಂಗೈತಿ, ಅದು ಹಂಗೈತಿ ಅಂತ ಹೇಳತಿದ್ದೆ. ಈಗ ಅವರದು ಹುಡುಕಾಕ ಹೋದ್ರ ಬರೇ ನಿನ್ನವ ಬರತಾವು."

ಅಶ್ಫಾಕ ಸುಟ್ಟ ಬೆರಳುಗಳನ್ನು ನೋಡಿಕೊಂಡ. ಯಾವಾಗಿನಿಂದ ಎಂದು ಕೇಳಿದ.

"ಆರನೇದ್ದು ತಂದಿದ್ಯಲ್ಲ, ಅವಾಗಿಂದ. ನೀ ಅಷ್ಟ ದೂರಿಂದ ಹೊತ್ಕೊಂಡ ಬರತಿದ್ದಿ. ಹೆಂಗ ಹೇಳಲಿ."

ಐದು ತಿಂಗಳು ಆಕೆ ಕಣ್ಣು ಮುಚ್ಚಿ ಕೂತು, ಏನೂ ಉಳಿಯದ ಜಾಗವನ್ನು ಕೇಳಿಸಿಕೊಂಡು, ಅವನ ಮುಖ ಬಾಡಬಾರದೆಂದು ಉತ್ತರ ಕಟ್ಟಿ ಹೇಳಿದ್ದಳು. ಅವನು ಆ ಉತ್ತರಗಳನ್ನು ನಂಬಿ ತೂತು ಕೊರೆದಿದ್ದ, ತೂತು ಮುಚ್ಚಿದ್ದ. ಹನ್ನೊಂದನೆಯದೇ ಖರೇ ಎಂದು ಅವನಿಗೆ ಈಗಲೂ ಅನ್ನಿಸುತ್ತಿತ್ತು. ಇದೇ ಅದು ಕಾಕು, ನನಗೆ ನೆನಪಿದೆ ಎಂದು ಹೇಳಬಹುದಿತ್ತು. ಆದರೆ ಅವನಿಗೆ ನೆನಪಿದ್ದದ್ದು ಗಾಡಿಯ ಮೇಲೆ ಕೂತವನ ಸದ್ದು. ಸೇತುವೆಯಿಂದ ಒಲೆಯ ತನಕ ನಡೆದು ಬರುವಷ್ಟರಲ್ಲಿ ಅದು ಏನಾಗುತ್ತಿತ್ತೋ, ಅದನ್ನು ಬಲ್ಲ ಕಿವಿ ಲೋಕದಲ್ಲಿ ಒಂದೇ ಇತ್ತು.

ಎಲ್ಲವನ್ನೂ ವಾಪಸು ಒಯ್ಯಲೇ ಎಂದು ಕೇಳಿದ.

"ಇರಲಿ ಬಿಡು. ಹನ್ನೊಂದರಾಗ ಯಾವುದರಾಗರ ಒಂದೀಟ ಅವರು ಇದ್ದಾರು" ಎಂದಳು.

ಐದೂವರೆಯ ರೈಲು ಹೋಯಿತು. ಅವನು ಏಳಲಿಲ್ಲ. ಆಕೆಯೂ ಒಳಗೆ ಹೋಗಲಿಲ್ಲ. ತ್ರಿವೇಣಿ ಎರಡು ಬಟ್ಟಲು ಅವಲಕ್ಕಿ ತಂದಿಟ್ಟು ಒಳಗೆ ಹೋದಳು. ಶಶಿಧರ ಸೊಸೈಟಿಗೆ ಈಚೆಗೆ ಬ್ಯಾಟರಿ ಸ್ಕೂಟರಿನಲ್ಲಿ ಹೋಗಿ ಬರುತ್ತಾನೆ. ಅವನು ಗೇಟು ದಾಟಿ, ಅಂಗಳಕ್ಕೆ ಬಂದು, ಕಟ್ಟೆಯ ಮುಂದೆಯೇ ಗಾಡಿ ನಿಲ್ಲಿಸಿದ್ದು ಇಬ್ಬರಿಗೂ ಕೇಳಿಸಲಿಲ್ಲ. "ಅವ್ವಾ" ಎಂದಾಗ ಗೌರವ್ವ ಬೆಚ್ಚಿಬಿದ್ದು, ಯಾವಾಗ ಬಂದಿ ಎಂದು ಕೇಳಿದಳು.